ತುದಿ ಹಿಡಿದವರು

ವೂನ್‌ಸಾಕೆಟ್
ನವೆಂಬರ್ 6, 1927

ಮಗಳೇ ಎಕ್ಸಿಲ್ಡಾ,

ಫಿಲಡೆಲ್ಫಿಯಾದಿಂದ ನೀನು ಬರೆದ ಕಾಗದ ಬುಧವಾರ ಕೈಸೇರಿತು. ಗಿರಣಿಯಲ್ಲಿ ಪಕ್ಕದ ಮೇಜಿನ ಔರೋರ್‌ಗೆ ಓದಿ ಹೇಳಿದ್ದೇ ತಪ್ಪಾಯಿತು. ಮಧ್ಯಾಹ್ನದೊಳಗೆ ಕೆಳಗಿನ ಮಗ್ಗದವರಿಗೂ ಸುದ್ದಿ ಮುಟ್ಟಿತ್ತು: ಡೆಲಿಮಾಳ ಅಕ್ಕನ ಮಗಳು ಕಂಪನಿಯ ದೊಡ್ಡ ಆಫೀಸಿನಲ್ಲಿ ಕೂರುತ್ತಾಳಂತೆ, ಅವಳ ಕುರ್ಚಿಗೆ ಚಕ್ರ ಇದೆಯಂತೆ! "ಕುರ್ಚಿ ಓಡಿ ಹೋದ್ರೆ ಏನ್ ಮಾಡ್ತಾಳೋ ಪಾಪ" ಅಂದಳು ಔರೋರ್. ನಾನು ನಕ್ಕೆ. ಮನೆಗೆ ಬಂದು ಸ್ವಲ್ಪ ಅತ್ತೆ, ಅದು ನಿನಗೆ ಬೇಡ.

ನಿನ್ನ ಅಮ್ಮ ಜ್ವರದಲ್ಲಿ ಹೋದಾಗ ನಿನಗೆ ಹದಿನೈದು. ನಿನ್ನನ್ನೂ ನನ್ನ ಹಾಗೆ ಸೂಜಿ ಹಿಡಿಸಿ ಉಣ್ಣೆ ಬಟ್ಟೆಯ ಗಂಟು, ಬಿಟ್ಟುಹೋದ ಎಳೆ ಹುಡುಕಿ ತಿದ್ದುತ್ತಾ ಸಾಯುವಂತೆ ಮಾಡಿಬಿಡುತ್ತೇನೇನೋ ಎಂಬ ಭಯವಿತ್ತು. ಆ ಭಯ ಹೋಯಿತು. ಇನ್ನು ಮುಚ್ಚಿಡುವುದು ಯಾಕೆ, ಒಂದು ಗುಟ್ಟು ಹೇಳುತ್ತೇನೆ. ಬೇಸಿಗೆಯಲ್ಲಿ ಕಂಪನಿಯ ದೊಡ್ಡ ಆಫೀಸಿನಿಂದ ಬಂದ ಪ್ರೆಂಟಿಸ್ ಸಾಹೇಬ ಪರೀಕ್ಷೆ ಎಂದು ನಮ್ಮ ಆರು ಜನರನ್ನು ಆ ಚಿಕ್ಕ ಕೋಣೆಯಲ್ಲಿ ಕೂರಿಸಿ ವಾರವಾರಕ್ಕೂ ದೀಪ ತಗ್ಗಿಸುತ್ತಾ ಹೋದನಲ್ಲ, ನೀನು ಮೂಲೆಯಲ್ಲಿ ಕೂತು ಯಾರು ಎಷ್ಟು ಗಜ ತಿದ್ದಿದರು ಎಂದು ಬರೆಯುತ್ತಿದ್ದೆಯಲ್ಲ? ಬೆಳಕು ಇಳಿದರೂ ನಮ್ಮ ಕೆಲಸ ಇಳಿಯಲಿಲ್ಲ ಎಂದು ಅವನು ಬೆರಗಾಗಿದ್ದ. ಅದರಲ್ಲಿ ಬೆರಗೇನೂ ಇಲ್ಲ, ಮಾರಾಯ್ತಿ. ಮಧ್ಯಾಹ್ನ ಅವನು ಹೋಟೆಲಿಗೆ ಊಟಕ್ಕೆ ಹೋದೊಡನೆ ನಿನ್ನನ್ನು ಕೆಳಗೆ ಬಿಸಿನೀರಿಗೆ ಓಡಿಸುತ್ತಿದ್ದೆವು. ನೀನು ಅತ್ತ ಹೋದ ಮೇಲೆ ಬಟ್ಟೆಯ ಥಾನುಗಳನ್ನು ಮೆಟ್ಟಿಲ ಬಳಿಯ ಕಿಟಕಿಗೆ ಹೊತ್ತು, ಇಬ್ಬಿಬ್ಬರು ಎರಡೂ ಕಡೆಯಿಂದ ತುದಿ ಹಿಡಿದು ಮುಗಿಸಿಬಿಡುತ್ತಿದ್ದೆವು. ನಮ್ಮ ಕೋಣೆಯಲ್ಲಿ ಹಿಂದೆ ಬಿದ್ದವಳ ಬಟ್ಟೆಯ ತುದಿ ಹಿಡಿದು ತಿದ್ದಿಕೊಡುವುದು ನನ್ನ ಅತ್ತೆಯ ಕಾಲದಿಂದ ಇದೆ. ನಮ್ಮ ಹುಡುಗಿಯ ಪುಸ್ತಕ ಚೆನ್ನಾಗಿ ಕಾಣಲಿ, ಸಾಹೇಬನಿಗೆ ಖುಷಿಯಾಗಲಿ, ಅವಳನ್ನು ಕರೆದುಕೊಂಡು ಹೋಗಲಿ ಅಂತ. ಕರೆದುಕೊಂಡು ಹೋದ. ಮುಗಿಯಿತು.

ಬೆಳಕು ಕಮ್ಮಿಯಾದರೂ ನಡೆಯುತ್ತದೆ ಎಂದಾಯಿತಲ್ಲ, ಬಿಸಿ ಉಳಿಯಲಿ ಎಂದು ಈ ವಾರ ಬಡಗಿಗಳು ಬಂದು ಉತ್ತರದ ಕಿಟಕಿಗಳಿಗೆಲ್ಲ ಹಲಗೆ ಹೊಡೆದರು. ದೀಪಗಳನ್ನೂ ಅರ್ಧಕ್ಕೆ ಇಳಿಸಿದ್ದಾರೆ. ನಿಜ ಹೇಳುತ್ತೇನೆ, ಚಳಿಗಾಳಿ ನುಗ್ಗುವುದು ನಿಂತು ಬೆರಳು ಬೆಚ್ಚಗಾಗಿದೆ. ರೊಸಾನಾ ಆ ಹಲಗೆಗೆ ಮುತ್ತು ಕೊಟ್ಟಳು.

ಭಾನುವಾರ ಪೂಜೆಗೆ ಹೋಗುತ್ತೀಯಾ? ಅಲ್ಲಿ ಫ್ರೆಂಚ್ ಮಾತಾಡುವ ಪಾದ್ರಿ ಇದ್ದಾನಾ?

ನಿನ್ನ ಚಿಕ್ಕಮ್ಮ,
ಡೆಲಿಮಾ

•

ಫಿಲಡೆಲ್ಫಿಯಾ
ಡಿಸೆಂಬರ್ 28, 1927

ಪ್ರೀತಿಯ ಚಿಕ್ಕಮ್ಮ,

ಹೊಸವರ್ಷಕ್ಕೆ ಬರಲಾಗುತ್ತಿಲ್ಲ. ವರದಿಯ ಪ್ರತಿಗಳನ್ನು ಸೋಮವಾರವೇ ಕಳಿಸಬೇಕಂತೆ. ಹೊಸವರ್ಷದ ಬೆಳಿಗ್ಗೆ ನಿನ್ನ ಮುಂದೆ ಮಂಡಿಯೂರದೆ ಇರುವುದು ಇದೇ ಮೊದಲು. ಇಲ್ಲೇ ಮಂಚದ ಪಕ್ಕ ಮಂಡಿಯೂರುತ್ತೇನೆ, ನೀನು ಅಲ್ಲಿಂದಲೇ ಕೈ ಎತ್ತಿ ಹರಸು.

ವರದಿ ಚೆಂದವಾಗಿ ಬಂದಿದೆ, ನೀಲಿ ರಟ್ಟು. ನನ್ನ ಹೆಸರು ಇಲ್ಲ, ನಿಮ್ಮ ಆರು ಜನರದ್ದೂ ಇಲ್ಲ. ನೀನು "ಕೆಲಸಗಾರ್ತಿ 1". ಕಂಪನಿಯ ಇನ್ನೂ ನಾಲ್ಕು ಗಿರಣಿಗಳಿಗೆ ಅದನ್ನು ಕಳಿಸುತ್ತಾರೆ. ಬೆಳಕು ಕಡಿಮೆಯಾದರೂ ಕೆಲಸ ಕುಗ್ಗದು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಪ್ರೆಂಟಿಸ್ ಸಾಹೇಬರು ಒಳ್ಳೆಯವರು ಚಿಕ್ಕಮ್ಮ. ನಿಮ್ಮ ಬಗ್ಗೆ ಮಾತಾಡುವಾಗ ಅವರ ಮುಖ ಅರಳುತ್ತದೆ.

ನೀನು ಹೇಳಿದ ಗುಟ್ಟಿನ ವಿಷಯ ಯಾರಿಗೂ ಹೇಳಬೇಡ. ಔರೋರ್‌ಗಂತೂ ಮತ್ತೆ ಆ ಮಾತು ಎತ್ತಲೇಬೇಡ ಅನ್ನು. ಇಲ್ಲಿ ಮಾಂಸದ ಕಡುಬು ಸಿಗುವುದಿಲ್ಲ. ನಿನ್ನ ಕೈಯದು ನೆನಪಾಗಿ ಹಬ್ಬದ ದಿನ ಸಿಟ್ಟೇ ಬಂತು.

ನಿನ್ನ,
ಎಕ್ಸಿಲ್ಡಾ

•

ವೂನ್‌ಸಾಕೆಟ್
ಮಾರ್ಚ್ 11, 1928

ಎಕ್ಸಿಲ್ಡಾ,

ಹರಸಿದೆ, ಕೈ ಎತ್ತಿಯೇ ಹರಸಿದೆ. ಕಿಟಕಿಯಲ್ಲಿ ನೋಡಿದವರು ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಈ ತಿಂಗಳು ಪೂರ್ತಿ ಪೊಲೀಸರ ಉಡುಪಿನ ಬಟ್ಟೆ. ಕಡುನೀಲಿಯ ಮೇಲೆ ಕಪ್ಪು ಎಳೆ, ಮೇಲೆ ಈ ಗುಬ್ಬಿಕಣ್ಣಿನ ಬಲ್ಬು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಬಿಟ್ಟುಹೋದ ಎಳೆ ಕಾಣುವುದಿಲ್ಲ. ನಾನಂತೂ ಕಣ್ಣನ್ನು ನಂಬುವುದೇ ಬಿಟ್ಟೆ. ಬೆರಳ ತುದಿಯಿಂದ ಸವರುತ್ತಾ ಹೋಗುತ್ತೇನೆ, ಗಂಟು ತಾನೇ ಸಿಗುತ್ತದೆ. ಬಿಟ್ಟುಹೋದ ಎಳೆ ಬೆರಳಿಗೆ ಸುಲಭವಾಗಿ ಸಿಗುವುದಿಲ್ಲ. ಸಂಜೆಗೆ ತಲೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಿರುತ್ತಾರೆ.

ಮೊನ್ನೆ ನಮ್ಮ ಕೋಣೆಯಿಂದ ಹೋದ ಹನ್ನೊಂದು ಥಾನು ವಾಪಸು ಬಂತು. ಮೇಸ್ತ್ರಿ ಲಾರೋಶ್ ಅದನ್ನು ಮೇಜಿನ ಮೇಲೆ ಎಸೆದ.

"ಪರೀಕ್ಷೆ ಕೋಣೇಲಿ ಇದಕ್ಕಿಂತ ಕಮ್ಮಿ ಬೆಳಕಲ್ಲಿ ಮಾಡಿದ್ರಲ್ಲ? ಆಗ ಇದ್ದ ಕಣ್ಣು ಈಗ ಎಲ್ಲೋಯ್ತು?"

"ಕಣ್ಣು ಇಲ್ಲೇ ಇದೆ ಕಣೋ, ನಿನ್ನ ದೀಪ ಎಲ್ಲೋಯ್ತು ಅದ್ ಹೇಳು" ಅಂದೆ.

ಎಲ್ಲರೂ ನಕ್ಕರು. ಆದರೆ ಅವನು ನೀಲಿ ರಟ್ಟಿನ ಪುಸ್ತಕ ತಂದು ನನ್ನ ಮೂಗಿನ ಕೆಳಗೆ ಹಿಡಿದ. "ಇದ್ರಲ್ಲಿ ಇರೋದು ಸುಳ್ಳಾ ಹಾಗಾದ್ರೆ?" ಅಂದ. ಸುಳ್ಳು ಅಂದರೆ ನಿನ್ನ ಕುರ್ಚಿ ಹೋಗುತ್ತದೆ. ನಿಜ ಅಂದರೆ ಕಿಟಕಿ ಹೋಗುತ್ತದೆ. ಕಿಟಕಿಯೇ ಹೋಗಲಿ ಎಂದು ಸುಮ್ಮನಾದೆವು.

ಸಾಹೇಬನ ಕಿವಿಗೆ ಮೆಲ್ಲಗೆ ಒಂದು ಮಾತು ಹಾಕಲಾಗುತ್ತದಾ ನೋಡು. ನಮ್ಮ ಹೆಸರು ಬೇಡ. ದೀಪ ಸ್ವಲ್ಪ ಹೆಚ್ಚಿಸಿದರೆ ಸಾಕು.

ಡೆಲಿಮಾ

•

ಫಿಲಡೆಲ್ಫಿಯಾ
ಏಪ್ರಿಲ್ 20, 1928

ಪ್ರೀತಿಯ ಚಿಕ್ಕಮ್ಮ,

ಸಾಹೇಬರು ಊರಲ್ಲಿಲ್ಲ. ಬಂದ ಕೂಡಲೇ ಕೇಳುತ್ತೇನೆ. ಇದರ ಜೊತೆಯ ಪೆಟ್ಟಿಗೆಯಲ್ಲಿ ಒಂದು ಭೂತಗನ್ನಡಿ ಇದೆ, ಒಳ್ಳೆಯ ಅಂಗಡಿಯದು. ಅದನ್ನು ಬಟ್ಟೆಯ ಮೇಲೆ ಹಿಡಿದರೆ ಎಳೆಗಳು ಹಗ್ಗದಷ್ಟು ದಪ್ಪ ಕಾಣುತ್ತವೆ.

ಅವಸರದಲ್ಲಿ ಬರೆಯುತ್ತಿದ್ದೇನೆ.

ಎಕ್ಸಿಲ್ಡಾ

•

ವೂನ್‌ಸಾಕೆಟ್
ಜುಲೈ 15, 1928

ಎಕ್ಸಿಲ್ಡಾ,

ನಿನ್ನ ಭೂತಗನ್ನಡಿಯನ್ನು ಔರೋರ್‌ನ ಮಗನಿಗೆ ಕೊಟ್ಟೆ. ಇರುವೆ ಸುಡಲು ಅವನಿಗೆ ಉಪಯೋಗವಾಗುತ್ತಿದೆ. ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ಬಟ್ಟೆ. ಕನ್ನಡಿ ಹಿಡಿಯಲು ಮೂರನೆಯ ಕೈಯನ್ನೂ ಆ ಒಳ್ಳೆಯ ಅಂಗಡಿಯಲ್ಲಿ ಮಾರುತ್ತಾರಾ ಕೇಳು. ಒಂಬತ್ತು ವರ್ಷ ನನ್ನ ಮನೆಯಲ್ಲಿ ಬೆಳೆದು, ಮೂರು ವರ್ಷ ನನ್ನ ಪಕ್ಕದಲ್ಲೇ ಬಟ್ಟೆ ತಿದ್ದಿದವಳು ನೀನು. ಇಷ್ಟು ಬೇಗ ಮರೆತೆಯಲ್ಲ!

ಇಲ್ಲಿ ಬೇಯುತ್ತಿದ್ದೇವೆ. ಕೆಳಗಿನ ಇಸ್ತ್ರಿ ಕೋಣೆಯ ಹಬೆಯೆಲ್ಲ ನೆಲದ ಹಲಗೆಯ ಸಂದಿನಿಂದ ಮೇಲೆ ಬರುತ್ತದೆ. ಮೇಲೆ ತಗಡಿನ ಮಾಡು. ಹಿಂದೆಲ್ಲ ಉತ್ತರದ ಕಿಟಕಿ ತೆರೆದರೆ ನದಿಯ ಗಾಳಿ ಬರುತ್ತಿತ್ತು, ಈಗ ಅಲ್ಲಿ ಹಲಗೆ. ಗೋಡೆಯ ಉಷ್ಣಮಾಪಕ ತೊಂಬತ್ತೆಂಟು, ಅಂದರೆ ಮೈಯ ಬಿಸಿಯಷ್ಟೇ, ತೋರಿಸಿದ ದಿನ ಲಾರೋಶ್ ಅದನ್ನೇ ಕಿತ್ತುಕೊಂಡು ಹೋದ. ಬೇಸಿಗೆ ಸೂಟಿನ ಕೆನೆಬಣ್ಣದ ಬಟ್ಟೆ ಬೇರೆ. ಒಂದು ಹನಿ ಬೆವರು ಬಿದ್ದರೆ ಕಲೆ. ಅಂಗೈಗೆ ಸೀಮೆಸುಣ್ಣ ಬಳಿದುಕೊಂಡು, ಹಣೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತೇವೆ. ಗಂಟೆಗೊಮ್ಮೆ ಎದ್ದು ಮುಖ ತೊಳೆಯಲೇಬೇಕು. ಗಜ ಎಲ್ಲಿಂದ ಏರಬೇಕು?

ಗುರುವಾರ ರೊಸಾನಾ ಮೂರ್ಛೆ ಬಂದು ಥಾನಿನ ಮೇಲೇ ಬಿದ್ದಳು. ಲಾರೋಶ್ ಓಡಿ ಬಂದ. ಮೊದಲು ಬಟ್ಟೆ ಎಳೆದ, ಆಮೇಲೆ ರೊಸಾನಾಳನ್ನು ಎತ್ತಿದ. ನಮ್ಮವನೇ, ನಮ್ಮ ಚರ್ಚಿನವನೇ!

"ಆ ಹಲಗೆಗೆ ಮುತ್ತು ಕೊಟ್ಟಿದ್ಯಲ್ಲೇ, ಈಗ ಕೊಡು" ಎಂದು ಔರೋರ್ ಅವಳನ್ನು ರೇಗಿಸಿದಳು. ರೊಸಾನಾ ನಗಲಿಲ್ಲ.

ಮೆಲ್ಲಗೆ ಹೇಳುವ ಕಾಲ ಹೋಯಿತು. ಸಾಹೇಬನಿಗೆ ಇದ್ದದ್ದು ಇದ್ದಂತೆ ಹೇಳು. ಈ ಹೆಂಗಸರು ಮೆಟ್ಟಿಲ ಕಿಟಕಿಯ ಬೆಳಕಿನಲ್ಲಿ ತುದಿ ಹಿಡಿದು ಮೋಸ ಮಾಡಿದರು, ನನಗೆ ಏನೂ ಗೊತ್ತಿರಲಿಲ್ಲ ಅನ್ನು. ತಪ್ಪೆಲ್ಲ ನನ್ನ ತಲೆಗೆ ಕಟ್ಟು. ನಿನಗೆ ಗೊತ್ತಿಲ್ಲದ ವಿಷಯಕ್ಕೆ ನಿನ್ನನ್ನು ಯಾರು ಏನು ಮಾಡಿಯಾರು?

ಡೆಲಿಮಾ

•

ಫಿಲಡೆಲ್ಫಿಯಾ
ಆಗಸ್ಟ್ 19, 1928

ಚಿಕ್ಕಮ್ಮ,

ಐದು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನನಗೆ ಗೊತ್ತಿತ್ತು.

ಮೊದಲನೆಯ ವಾರವೇ ಗೊತ್ತಾಯಿತು. ಬಿಸಿನೀರಿನ ಕೆಟಲು ಹಿಡಿದು ಮೇಲೆ ಬರುತ್ತಿದ್ದೆ. ತಿರುವಿನಲ್ಲಿ ನಿಮ್ಮ ಸದ್ದು ಕೇಳಿತು. ನೀನು "ಬೇಗ, ಬೇಗ, ಹುಡುಗಿ ಬಂದ್ಬಿಡ್ತಾಳೆ" ಅನ್ನುತ್ತಿದ್ದೆ. ನಾನು ಕೆಳಗಿನ ಮೆಟ್ಟಿಲಲ್ಲೇ ನಿಂತೆ. ನೀವು ಮುಗಿಸಿ ಒಳಗೆ ಹೋದ ಮೇಲೆ ಕೆಮ್ಮಿ ಹತ್ತಿ ಬಂದೆ. ಮಾರನೆಯ ದಿನವೂ ಹಾಗೇ. ಆರು ವಾರ, ದಿನವೂ ಅದೇ ಮೆಟ್ಟಿಲಲ್ಲಿ ನಿಂತು ಕೆಮ್ಮಿದೆ. ಆಮೇಲೆ ಒಳಗೆ ಬಂದು ಸಂಜೆಗೆ ನಿಮ್ಮ ಗಜಗಳನ್ನು ಪುಸ್ತಕದಲ್ಲಿ ಬರೆದೆ. ಒಂದು ಸಾಲು ಬರೆದಿದ್ದರೆ ಸಾಕಿತ್ತು, ಮಧ್ಯಾಹ್ನ ಇವರು ಕಿಟಕಿಗೆ ಹೋಗುತ್ತಾರೆ ಎಂದು. ಬರೆಯಲಿಲ್ಲ. ನನಗೆ ಈ ಕೆಲಸ ಬೇಕಾಗಿತ್ತು. ಆ ಕೋಣೆಯಿಂದ ಹೊರಗೆ ಬರಬೇಕಾಗಿತ್ತು. ನಿನ್ನ ಹಾಗೆ ಆಗಬಾರದು ಅನ್ನಿಸಿತ್ತು, ಚಿಕ್ಕಮ್ಮ.

ಏಪ್ರಿಲ್‌ನಲ್ಲಿ ಸಾಹೇಬರು ಊರಲ್ಲೇ ಇದ್ದರು. ಅದೂ ಸುಳ್ಳು. ಗಾಜಿನ ಬಾಗಿಲಾಚೆ, ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರು.

ಎಕ್ಸಿಲ್ಡಾ

•

ವೂನ್‌ಸಾಕೆಟ್
ಅಕ್ಟೋಬರ್ 28, 1928

ಎಕ್ಸಿಲ್ಡಾ,

ನಿನ್ನ ಕಾಗದವನ್ನು ಎರಡು ತಿಂಗಳು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ.

ನಮ್ಮ ಹುಡುಗಿಗೆ ಉಪಕಾರ ಮಾಡುತ್ತಿದ್ದೇವೆ, ಅವಳಿಗೆ ತಿಳಿಯಬಾರದು ಎಂದು ಆರು ಜನ ಊಟ ಬಿಟ್ಟು ಓಡಾಡಿದೆವು. ನೀನು ಕೆಳಗೆ ನಿಂತು ಕೇಳಿಸಿಕೊಂಡೆ. ಸಿಟ್ಟು ಬರುತ್ತದೆ. ನನ್ನ ಹಾಗೆ ಆಗಬಾರದು ಅಂದದ್ದಕ್ಕಲ್ಲ, ಅದು ನನ್ನದೇ ಆಸೆ. ಆ ಕೆಮ್ಮು ಇದೆಯಲ್ಲ, ಅದಕ್ಕೆ. ಮೆಟ್ಟಿಲ ಧೂಳು ಕೆಟ್ಟದ್ದು ಎಂದು ನಿನಗೆ ಜೇನುತುಪ್ಪ ತಂದು ತಿನ್ನಿಸುತ್ತಿದ್ದೆ.

ಸಾಹೇಬನಿಗೆ ಹೇಳು. ಹೇಳಿ ಆಮೇಲೆ ನನಗೆ ಬರೆ. ಹೇಳದೆ ಬರೆಯಬೇಡ.

ಡೆಲಿಮಾ

•

ಫಿಲಡೆಲ್ಫಿಯಾ
ಜನವರಿ 13, 1929

ಚಿಕ್ಕಮ್ಮ,

ಹೇಳಿದೆ.

ಸಾಹೇಬರು ಕೂಗಾಡಲಿಲ್ಲ. ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದರು. "ಅವರು ನನ್ನನ್ನು ಮೆಚ್ಚಿಸೋಕೆ ಹೀಗೆ ಮಾಡಿದ್ರಾ?" ಎಂದು ಕೇಳಿದರು. ನಿಮ್ಮನ್ನಲ್ಲ, ನನಗಾಗಿ ಅಂದೆ. ಅದನ್ನು ಕೇಳಿ ಅವರಿಗೆ ಇನ್ನೂ ನೋವಾಯಿತು ಅನ್ನಿಸಿತು. ನಿಮ್ಮದೂ ಸೇರಿ ಐದು ಗಿರಣಿಗಳಲ್ಲಿ ಕಿಟಕಿ ಮುಚ್ಚಿಸಿದ್ದು ಅವರ ಹೆಸರಿನ ವರದಿ.

ಕೊನೆಗೆ ಅವರೇ ಮೇಲಿನವರೊಡನೆ ಜಗಳವಾಡಿ ಒಪ್ಪಿಸಿದ್ದಾರೆ. ಫೆಬ್ರವರಿ ಕೊನೆಯಲ್ಲಿ ಮತ್ತೆ ಪರೀಕ್ಷೆ, ಅದೇ ಕೋಣೆ, ಅದೇ ಆರು ಜನ. ಒಂದೊಂದು ಥಾನಿನಲ್ಲೂ ಮೊದಲೇ ಎಣಿಸಿದ ನಲವತ್ತು ತಪ್ಪುಗಳಿರುತ್ತವೆ. ಎರಡು ದಿನ ಪೂರ್ತಿ ಬೆಳಕು, ಎರಡು ದಿನ ಈಗಿನ ಬೆಳಕು. ನಿಜವಾದ ಲೆಕ್ಕ ಬಂದರೆ ಹಲಗೆ ಕೀಳಿಸುತ್ತೇನೆ ಎಂದು ಮಾತು ಕೊಟ್ಟಿದ್ದಾರೆ.

ಈ ಸಲ ಮೇಜುಗಳನ್ನು ದೂರ ದೂರ ಇಡಲು ಹೇಳಿದ್ದೇನೆ. ತುದಿ ಹಿಡಿಯುವ ಪದ್ಧತಿಯನ್ನು ಸಾಹೇಬರಿಗೆ ಬಿಡಿಸಿ ಹೇಳಿದೆ. ಯಾರೂ ಯಾರ ಬಟ್ಟೆಯನ್ನೂ ಮುಟ್ಟುವಂತಿಲ್ಲ. ಮಧ್ಯಾಹ್ನ ಕೋಣೆಗೆ ಬೀಗ. ದಯವಿಟ್ಟು ಎಲ್ಲರಿಗೂ ಹೇಳು, ನನಗಾಗಿ ಏನೂ ಮಾಡಬೇಡಿ. ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟೇ ತಿದ್ದಿ. ಪುಸ್ತಕ ಹಿಡಿದು ನಾನೇ ಬರುತ್ತೇನೆ. ನಿನ್ನ ಮನೆಯಲ್ಲಿ ಉಳಿಯಬಹುದಾ?

ಎಕ್ಸಿಲ್ಡಾ

•

ವೂನ್‌ಸಾಕೆಟ್
ಜನವರಿ 27, 1929

ಇದು ನಿನ್ನ ಮನೆ, ಕೇಳುವುದೇನು? ಎಲ್ಲರಿಗೂ ಹೇಳಿದ್ದೇನೆ. ರೊಸಾನಾ ಕುಣಿದಾಡುತ್ತಿದ್ದಾಳೆ.

ಮೇಜುಗಳನ್ನು ಅಷ್ಟು ದೂರ ಇಡಲೇಬೇಕಾ?

ಡೆಲಿಮಾ

•

ಫಿಲಡೆಲ್ಫಿಯಾ
ಮಾರ್ಚ್ 17, 1929

ಚಿಕ್ಕಮ್ಮ,

ಎರಡು ಕಾಗದ ಬರೆದೆ, ಉತ್ತರವಿಲ್ಲ.

ಪರೀಕ್ಷೆಯ ನಾಲ್ಕನೆಯ ಸಂಜೆ ನಿನ್ನ ಅಡುಗೆಮನೆಯಲ್ಲಿ ಬಟಾಣಿ ಸೂಪು ಕುಡಿದು ಇಬ್ಬರೂ ಎದ್ದುಬಿಟ್ಟೆವು. ಅಂದು ಕೇಳಬೇಕಾಗಿತ್ತು, ಈಗ ಕೇಳುತ್ತೇನೆ. ಯಾವಾಗಿನಿಂದ?

ನಲವತ್ತು ತಪ್ಪುಗಳಲ್ಲಿ ಉಳಿದ ಐದು ಜನರಿಗೂ ಸಿಕ್ಕದ್ದು ಬೆಳಕು ಹೆಚ್ಚಿದಾಗ ಮೂವತ್ತೇಳು ಮೂವತ್ತೆಂಟು, ತಗ್ಗಿದಾಗ ಇಪ್ಪತ್ತೈದು. ನಿನಗೆ ಹತ್ತೊಂಬತ್ತು. ತಗ್ಗಿದಾಗಲೂ ಹತ್ತೊಂಬತ್ತೇ. ಮೊದಲ ದಿನ ನೀನು ಬೇಕೆಂದೇ ಹಟ ಮಾಡುತ್ತಿದ್ದೀಯ ಅಂದುಕೊಂಡೆ. ಎರಡನೆಯ ದಿನ ನಿನ್ನ ಮೇಜಿನ ಬಳಿ ಬಂದು ನಿಂತೆ. ಅಷ್ಟು ಬೆಳಕಿನಲ್ಲಿ ನೀನು ಕಣ್ಣು ಮುಚ್ಚಿಕೊಂಡು ಬೆರಳಾಡಿಸುತ್ತಿದ್ದೆ. ಔರೋರ್ ತನ್ನ ಮೇಜಿನಿಂದ ನಿನ್ನ ಕಡೆಗೇ ನೋಡುತ್ತಿದ್ದಳು. ಅವಳು ಎಷ್ಟು ತಿಂಗಳಿಂದ ನಿನ್ನ ತುದಿ ಹಿಡಿಯುತ್ತಿದ್ದಳೋ ಎಂದು ಆಗ ಹೊಳೆಯಿತು. ಸಾಹೇಬರು ಮೆಲ್ಲಗೆ, "ಇವರಿಗೆ ಬೆಳಕಿದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ" ಅಂದರು. ಲಾರೋಶ್ ಅಲ್ಲೇ ನಿಂತಿದ್ದ.

ನಿನ್ನ ಅಕ್ಟೋಬರಿನ ಕಾಗದದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ನಾನು ಅದನ್ನು ಸಿಟ್ಟು ಅಂದುಕೊಂಡಿದ್ದೆ.

ಪುಸ್ತಕದಲ್ಲಿ ಹತ್ತೊಂಬತ್ತು ಎಂದೇ ಬರೆದೆ. ಎರಡು ಕಡೆಯೂ. ಈ ಸಲ ಸುಳ್ಳು ಬರೆಯುವುದಿಲ್ಲ ಎಂದು ಆಣೆ ಮಾಡಿ ಬಂದಿದ್ದೆ.

ಒಂದು ಸಾಲಾದರೂ ಬರೆ.

ಎಕ್ಸಿಲ್ಡಾ

•

ವೂನ್‌ಸಾಕೆಟ್
ಏಪ್ರಿಲ್ 21, 1929

ಮಗಳೇ,

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಕೊಳವೆಯೊಳಗಿಂದ ನೋಡಿದ ಹಾಗೆ ಒಂದೊಂದೇ ಪದ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಹತ್ತಿದ ಸಾಲನ್ನು ಇಳಿಸಿಕೊಂಡು ಓದು.

ಹಲಗೆ ಕಿತ್ತರು. ಸೋಮವಾರ ಬೆಳಿಗ್ಗೆ ಬಡಗಿಗಳು ಬಂದರಂತೆ. ಉತ್ತರದ ಬೆಳಕು ಮೇಜಿನ ಮೇಲೆ ಬಿದ್ದಾಗ ರೊಸಾನಾ ಅತ್ತಳಂತೆ. ಗಾಳಿಯೂ ಬರುತ್ತಿದೆಯಂತೆ, ಈ ಬೇಸಿಗೆ ಯಾರೂ ಬೀಳುವುದಿಲ್ಲವಂತೆ. ಎಲ್ಲ "ಅಂತೆ", ಔರೋರ್ ಬಂದು ಹೇಳಿದ್ದು. ನನ್ನನ್ನು ಅದಕ್ಕೆ ಮೂರು ದಿನ ಮೊದಲೇ ಮನೆಗೆ ಕಳಿಸಿದರು. ಲಾರೋಶ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. "ಡೆಲಿಮಕ್ಕ, ನಿಮ್ಮ ಲೆಕ್ಕ ಕಂಪನಿ ಪುಸ್ತಕದಲ್ಲೇ ಬಂದುಬಿಟ್ಟಿದೆ, ನಾನೇನ್ ಮಾಡ್ಲಿ?" ಅಂದ. ಮೂವತ್ತೊಂದು ವರ್ಷದಲ್ಲಿ ಅವನು ನನ್ನನ್ನು ಅಕ್ಕ ಅಂದದ್ದು ಅದೊಂದೇ ಸಲ.

ಯಾವಾಗಿನಿಂದ ಎಂದು ಕೇಳಿದೆಯಲ್ಲ. ನನಗೂ ಗೊತ್ತಿಲ್ಲ, ಅದೇ ನನ್ನ ಸಂಕಟ. ಹಲಗೆ ಹೊಡೆದ ಮೇಲೆ ಕೋಣೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಔರೋರ್ ಕಾಣಲ್ಲ ಅಂದಳು, ರೊಸಾನಾ ಕಾಣಲ್ಲ ಅಂದಳು, ನಾನೂ ಅಂದೆ. ಬಲ್ಬಿಗೆ ಬೈದೆ. ಮನೆಯಲ್ಲೂ ಕಾಣದಿದ್ದಾಗ ಸುಸ್ತು ಅಂದುಕೊಂಡೆ. ಆಮೇಲೆ ಒಂದು ದಿನ ಗೊತ್ತಾಯಿತು, ಇದು ಬಲ್ಬಲ್ಲ ಎಂದು. ಆಗ ನಿಜ ಹೇಳಬೇಕೆಂದರೆ ಆ ಕತ್ತಲೆ ನನಗೆ ಹಿತವಾಯಿತು. ಅಲ್ಲಿ ನಾನು ಎಲ್ಲರ ಹಾಗೇ ಇದ್ದೆ. ಹಲಗೆ ಕೀಳಿಸು ಎಂದು ನಿನಗೆ ಬರೆಯುತ್ತಲೇ, ಕೀಳದಿದ್ದರೂ ಆದೀತು ಅಂದುಕೊಳ್ಳುತ್ತಿದ್ದೆ. ನೀನೊಬ್ಬಳೇ ಮೆಟ್ಟಿಲಲ್ಲಿ ನಿಂತವಳಲ್ಲ.

ಔರೋರ್ ಕೈ ಹಿಡಿದು ಪ್ರಾವಿಡೆನ್ಸಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕಣ್ಣಿನೊಳಗೆ ಒತ್ತಡವಂತೆ. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲವಂತೆ, ಹೇಗೂ ಬರುವುದೇ ಇತ್ತಂತೆ. ಒಂದು ವರ್ಷ ಮೊದಲೇ ಬಂದಿದ್ದರೆ ಆಪರೇಷನ್ ಮಾಡಿ ಉಳಿದ ನೋಟವನ್ನು ಉಳಿಸಬಹುದಿತ್ತು ಅಂದ. ಒಂದು ವರ್ಷದ ಹಿಂದೆ ಕಿಟಕಿಗೆ ಹಲಗೆ ಇತ್ತು. ಅದಿಲ್ಲದೆ ಎಲ್ಲರಿಗೂ ಕಂಡು ನನಗೊಬ್ಬಳಿಗೇ ಕಾಣದಿದ್ದರೆ ಒಂದು ವಾರದಲ್ಲಿ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ಈ ಮಾತನ್ನು ನಿನಗೆ ಹೇಳಬಾರದು ಎಂದು ಒಂದು ತಿಂಗಳು ಕಾಗದ ಬರೆಯಲಿಲ್ಲ. ಆಮೇಲೆ ಅನ್ನಿಸಿತು, ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಿಟ್ಟದ್ದು ಸಾಕು.

ನನಗೆ ಸಿಟ್ಟಿದೆ. ಅದು ಬೇಗ ಹೋಗುವುದಿಲ್ಲ. ಆದರೆ ಹತ್ತೊಂಬತ್ತು ಎಂದು ಬರೆದದ್ದಕ್ಕೆ ಸಿಟ್ಟಿಲ್ಲ. ನಿನ್ನ ಪೆನ್ಸಿಲು ಅಂದು ತುಂಬಾ ಹೊತ್ತು ನಿಂತಿತ್ತು, ಕೇಳಿಸಿತು. ಬೇರೆ ಬರೆದಿದ್ದರೆ ನಾನು ನಿನ್ನ ಮುಖ ನೋಡುತ್ತಿರಲಿಲ್ಲ.

ಜೂನಿನಲ್ಲಿ ರಜೆ ಸಿಗುತ್ತದೆ ಅಂದಿದ್ದೆಯಲ್ಲ. ಬಾ. ಬಂದಾಗ ಯಾವಾಗಲೂ ಮಾಡುವ ಹಾಗೆ ಬಾಗಿಲಲ್ಲಿ ಸುಮ್ಮನೆ ನಗುತ್ತಾ ನಿಲ್ಲಬೇಡ. ಮೊದಲು ಹೆಸರು ಹೇಳು. ನೀನು ಯಾವ ಕಡೆ ನಿಂತಿದ್ದೀಯ ಎಂದು ನಾನು ಹುಡುಕುವುದನ್ನು ನೀನು ನೋಡುವುದು ಬೇಡ.

ನಿನ್ನ ಚಿಕ್ಕಮ್ಮ,
ಡೆಲಿಮಾ